ವಾಲ್ವಿನ ಮೇಲಿದ್ದ ಆರೋಪ

ಆ ಕೆಲಸ ನನಗೆ ಸಿಕ್ಕಿದ್ದು ಮಿಷಿಗನ್ ರಾಜ್ಯದ ಕ್ಯಾಂಟನ್ ಊರಿನ ಪಬ್ಲಿಕ್ ಲೈಬ್ರರಿಯಲ್ಲಿ. ೨೦೦೨ರ ವಸಂತ. ಮಗಳ ಪುಸ್ತಕಗಳನ್ನು ವಾಪಸು ಕೊಡಲು ನಿಂತಿದ್ದಾಗ, ಕೌಂಟರಿನಲ್ಲಿ ಸ್ವಯಂಸೇವಕಿಯಾಗಿ ಕೂರುತ್ತಿದ್ದ ಅಮೆರಿಕನ್ ಹೆಂಗಸೊಬ್ಬರು ಮಾತಿಗೆ ಮಾತು ಬಂದು ನನ್ನ ಉದ್ಯೋಗವೇನೆಂದು ಕೇಳಿದರು. ಎಪ್ಪತ್ತು ದಾಟಿದವರು, ಆನ್ ಆರ್ಬರಿನಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಕಾರಿನ ಏರ್‌ಬ್ಯಾಗ್ ಬಟ್ಟೆಯನ್ನು ಪರೀಕ್ಷಿಸುವ ಲ್ಯಾಬಿನಲ್ಲಿದ್ದೇನೆ, ಬಟ್ಟೆಯಲ್ಲಿ ಎಷ್ಟು ಗಾಳಿ ಸೋರುತ್ತದೆ, ಎಷ್ಟು ಎಳೆದರೆ ಹರಿಯುತ್ತದೆ ಎಂದು ನೋಡುವುದು ನನ್ನ ಕೆಲಸ ಎಂದೆ. ಅವರು ಪುಸ್ತಕಗಳನ್ನು ವಾಪಸು ತೆಗೆದುಕೊಂಡರು. ಮುಂದಿನ ಶನಿವಾರ ಒಂದು ಫೋಟೋ ತಂದಿಟ್ಟುಕೊಂಡು ನನಗಾಗಿ ಕಾಯುತ್ತಿದ್ದರು.

ಫೋಟೋದಲ್ಲಿ ಗಡ್ಡದ ಮನುಷ್ಯನೊಬ್ಬ ಬೆತ್ತದ ಬುಟ್ಟಿಯ ಅಂಚು ಹಿಡಿದು ನಿಂತಿದ್ದ. ಅವನ ಹಿಂದೆ ಅರ್ಧ ಉಬ್ಬಿದ ಬಲೂನು. ಅವನು ಅವರ ಮುತ್ತಜ್ಜ. ವಿಮಾನ ಎಂಬುದನ್ನು ಯಾರೂ ಕಾಣದ ಕಾಲದಲ್ಲಿ ಮಿಷಿಗನ್ನಿನ ಸಣ್ಣ ಊರೊಂದರಲ್ಲಿ ಕುದುರೆಯ ಜೀನು, ಲಗಾಮು ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದ. ಬಲೂನಿನ ವಿಷಯ ಎಲ್ಲೋ ಓದಿದ. ಹೆಂಡತಿ ಒಳ್ಳೆಯ ಹೊಲಿಗೆಯವಳು. ಅವನು ಕತ್ತರಿಸಿದ ಹತ್ತಿ ಬಟ್ಟೆಯ ಪಟ್ಟಿಗಳನ್ನು ಅವಳು ಜೋಡಿಸಿ ಹೊಲಿದಳು, ಗಾಳಿ ಸೋರದಂತೆ ಕಾಯಿಸಿದ ಅಗಸೆ ಎಣ್ಣೆ ಬಳಿದಳು. ಬೀದಿ ದೀಪಗಳಿಗೆ ಗ್ಯಾಸ್ ಮಾಡುತ್ತಿದ್ದ ಕಾರ್ಖಾನೆಯಿಂದ ಅದನ್ನು ತುಂಬಿಸಿಕೊಂಡು ಅವನು ಹಾರಿದ. ಆಮೇಲೆ ಹತ್ತಾರು ಕೌಂಟಿಗಳ ಮೇಳಗಳಲ್ಲಿ ಹಾರಿದ.

ಅವನು ಒಂದು ವಾಲ್ವನ್ನೂ ಕಂಡುಹಿಡಿದಿದ್ದ. ಆ ಕಾಲದ ಬಲೂನುಗಳ ನೆತ್ತಿಯಲ್ಲಿ ಒಂದು ಮುಚ್ಚಳ ಇರುತ್ತಿತ್ತು. ಹಗ್ಗ ಎಳೆದರೆ ಅದು ತೆರೆದುಕೊಂಡು ಗ್ಯಾಸ್ ಹೊರಗೆ ಹೋಗುತ್ತದೆ, ಬಲೂನು ಇಳಿಯುತ್ತದೆ. ಮುಚ್ಚಳದ ಸಂದಿಗೆ ಕೊಬ್ಬು ಮತ್ತು ಅಗಸೆ ಹಿಟ್ಟು ಕಲಸಿ ಮೆತ್ತುತ್ತಿದ್ದರು. ಒಮ್ಮೆ ತೆರೆದರೆ ಮೆತ್ತಿದ್ದು ಒಡೆದು ಮತ್ತೆ ಸರಿಯಾಗಿ ಕೂರುತ್ತಿರಲಿಲ್ಲ. ಇವನು ಮೆತ್ತುವುದನ್ನೇ ಬಿಟ್ಟು, ಮರದ ಬಳೆಯ ಸುತ್ತ ಚರ್ಮದ ಪಟ್ಟಿ ಹೊಲಿದು, ಹಿತ್ತಾಳೆಯ ಸ್ಪ್ರಿಂಗ್ ಹಾಕಿದ. ಎಷ್ಟು ಸಲ ಬೇಕಾದರೂ ತೆರೆದು ಮುಚ್ಚಬಹುದಾದ ವಾಲ್ವ್. ಅದಕ್ಕೆ ಪೇಟೆಂಟ್ ಕೂಡ ಸಿಕ್ಕಿತ್ತು.

ಕೊನೆಯ ಸಲ ಹಾರಿದಾಗ ಜೊತೆಯಲ್ಲಿ ಊರಿನ ಶಾಲೆಯ ಮೇಷ್ಟರಿದ್ದರು. ಬಲೂನು ಇದ್ದಕ್ಕಿದ್ದಂತೆ ಕುಸಿದು ಕೆರೆಗೆ ಬಿತ್ತು. ಮೇಷ್ಟರು ಮುಳುಗಿ ಸತ್ತರು. ಇವನು ಕಾಲು ಮುರಿದುಕೊಂಡು ಬದುಕಿದ. ವಾಲ್ವ್ ತೆರೆದೇ ಸಿಕ್ಕಿಕೊಂಡಿತು ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಅವನು ಮತ್ತೆಂದೂ ಹಾರಲಿಲ್ಲ. ಕುದುರೆಗಳು ಹೋಗಿ ಮೋಟಾರು ಬಂದ ಮೇಲೆ ಡೆಟ್ರಾಯಿಟಿನ ಕಡೆ ಕಾರಿನ ಸೀಟುಗಳಿಗೆ ಚರ್ಮ ಹೊಲಿಯುತ್ತ ಮುಪ್ಪಾದ.

ಈಗ ಆ ಊರಿನ ಸಣ್ಣ ಮ್ಯೂಸಿಯಂ ಅವನ ಬಗ್ಗೆ ಒಂದು ಪ್ರದರ್ಶನ ಮಾಡಲು ಹೊರಟಿತ್ತು. ಗೋಡೆಗೆ ಹಾಕುವ ಫಲಕದಲ್ಲಿ ‘ದೋಷವಿದ್ದ ವಾಲ್ವ್’ ಎಂದು ಬರೆಯುವವರಿದ್ದರು.

“ನಿಜವಾಗಿದ್ದರೆ ಹಾಗೇ ಬರೆಯಲಿ” ಎಂದರು ಲೈಬ್ರರಿಯ ಆ ಹೆಂಗಸು, ಅವನ ಮರಿಮಗಳು. “ಆದರೆ ಇಷ್ಟು ವರ್ಷದಲ್ಲಿ ಅದನ್ನು ಕೈಗೆತ್ತಿಕೊಂಡು ನೋಡಿದವರು ಒಬ್ಬರೂ ಇಲ್ಲ. ನೀವು ನೋಡುತ್ತೀರಾ?”

ಕಂಪನಿಯ ಹೆಸರು ಎಲ್ಲೂ ಬರಬಾರದು, ಕೆಲಸದ ವೇಳೆಯಲ್ಲಿ ಮುಟ್ಟಬಾರದು ಎಂಬ ಎರಡು ಷರತ್ತು ಹಾಕಿ ನಮ್ಮ ಮ್ಯಾನೇಜರ್ ಯಂತ್ರಗಳನ್ನು ಬಳಸಲು ಒಪ್ಪಿದರು. ಶನಿವಾರಗಳು ಅದಕ್ಕೇ ಮೀಸಲಾದವು.

ಮ್ಯೂಸಿಯಂ ನೋಡಿಕೊಳ್ಳುತ್ತಿದ್ದವರು ನಿವೃತ್ತ ಇತಿಹಾಸದ ಅಧ್ಯಾಪಕರು, ಸಾವಧಾನದ ಮನುಷ್ಯ. ಕೈಗವಸು ಹಾಕಿಕೊಂಡೇ ಮೂರು ವಸ್ತುಗಳನ್ನು ಮೇಜಿನ ಮೇಲಿಟ್ಟರು. ವಾಲ್ವ್, ಬಲೂನಿನ ಬಟ್ಟೆಯ ಒಂದು ತುಂಡು, ಮತ್ತು ಅವನ ನೋಟುಬುಕ್ಕು. ಮೂರೂ ಕುಟುಂಬದವರು ಪ್ರದರ್ಶನಕ್ಕಾಗಿ ಎರವಲು ಕೊಟ್ಟವು. ಫಲಕದ ಬರಹ ಆಗಸ್ಟ್ ಕೊನೆಗೆ ಅಚ್ಚಿಗೆ ಹೋಗಬೇಕು, ಅಲ್ಲಿಯವರೆಗೆ ಕಾಯುತ್ತೇನೆ ಎಂದರು.

ಮೊದಲು ವಾಲ್ವ್. ಪ್ಲೈವುಡ್ಡಿನ ಪೆಟ್ಟಿಗೆಯೊಂದನ್ನು ಮಾಡಿಸಿ ಅದರ ಮೇಲ್ಭಾಗಕ್ಕೆ ವಾಲ್ವನ್ನು ಕೂರಿಸಿದೆ. ಒಳಗೆ ಸಣ್ಣ ಬ್ಲೋವರಿನಿಂದ ಗಾಳಿ ಬಿಟ್ಟೆ. ಒತ್ತಡ ಅಳೆಯಲು ಯು ಆಕಾರಕ್ಕೆ ಬಗ್ಗಿಸಿದ ಪಾರದರ್ಶಕ ಕೊಳವೆಯಲ್ಲಿ ಬಣ್ಣದ ನೀರು. ಬಲೂನಿನ ನೆತ್ತಿಯಲ್ಲಿ ಒತ್ತಡ ಬಹಳ ಕಡಿಮೆ, ನೀರು ಒಂದು ಇಂಚು ಏರಿ ನಿಂತರೆ ಸಾಕು. ಬ್ಲೋವರ್ ನಿಲ್ಲಿಸಿದೆ. ನೀರು ನಿಲ್ಲಲೇ ಇಲ್ಲ. ಸರ್ರನೆ ಇಳಿದುಹೋಯಿತು. ಮೂರು ಸಲ ಮಾಡಿದರೂ ಅಷ್ಟೇ.

ಅದನ್ನು ಫೋನಿನಲ್ಲಿ ತಿಳಿಸಿದಾಗ ಮ್ಯೂಸಿಯಮಿನವರು, ಹಾಗಾದರೆ ಮುಗಿಯಿತಲ್ಲ ಎಂದರು. ಮುಗಿದಿಲ್ಲ ಎಂದೆ. ಸೋರುತ್ತಿದ್ದದ್ದು ಒಣಗಿ ಬಿರುಕುಬಿಟ್ಟ ಚರ್ಮ. ನೂರು ವರ್ಷ ಪೆಟ್ಟಿಗೆಯಲ್ಲಿದ್ದ ಚರ್ಮ ಇವತ್ತು ಸೋರಿದರೆ ಅಂದು ಏನಾಯಿತೆಂದು ಗೊತ್ತಾಗುವುದಿಲ್ಲ. ಅದೇ ಅಳತೆಯ ಹೊಸ ಚರ್ಮ ಬೇಕಿತ್ತು, ಅದೇ ಹೊಲಿಗೆ ಬೇಕಿತ್ತು. ಬಟ್ಟೆಯ ಬಗ್ಗೆ ನನಗೆ ತಿಳಿದಿದೆ. ಚರ್ಮದ ಬಗ್ಗೆ ಏನೂ ಗೊತ್ತಿರಲಿಲ್ಲ.

ಷಿಕಾಗೋದ ಉತ್ತರ ಭಾಗದಲ್ಲಿ ಬೂಟು, ಚರ್ಮದ ಬ್ಯಾಗು ರಿಪೇರಿ ಮಾಡುವ ಅಂಗಡಿಯಿಟ್ಟಿದ್ದ ಬಿಜಾಪುರದ ಅಂಕಲ್ ಒಬ್ಬರನ್ನು ಹಿಂದೊಮ್ಮೆ ಕನ್ನಡದವರ ಪಿಕ್‌ನಿಕ್ಕಿನಲ್ಲಿ ಕಂಡಿದ್ದೆ. ಅವರ ತಂದೆ ಬಿಜಾಪುರದಲ್ಲಿ ಟಾಂಗಾ ಕುದುರೆಗಳ ಸಾಮಾನು ಹೊಲಿಯುತ್ತಿದ್ದರೆಂದು ಹೇಳಿದ್ದು ನೆನಪಿತ್ತು. ವಾಲ್ವನ್ನು ಟವೆಲಿನಲ್ಲಿ ಸುತ್ತಿ ಹಿಂದಿನ ಸೀಟಿಗೆ ಬೆಲ್ಟ್ ಹಾಕಿ, ಐದು ತಾಸು ಡ್ರೈವ್ ಮಾಡಿಕೊಂಡು ಹೋದೆ.

ಅಂಕಲ್ ಕನ್ನಡಕ ಏರಿಸಿಕೊಂಡು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೊಲಿಗೆಯುದ್ದಕ್ಕೂ ಉಗುರು ಆಡಿಸಿದರು.

“ಕುದ್ರಿ ಸಾಮಾನಾ ಮಾಡೋನ ಕೈ ಐತಿ ಇದು” ಎಂದರು ಕೊನೆಗೆ. “ಎರಡು ಸೂಜಿ ಹೊಲಿಗಿ. ನಮ್ಮಪ್ಪಾನೂ ಹಿಂಗ ಹೊಲಿತಿದ್ದ. ಒಂದು ದಾರ ಹರದ್ರೂ ಇನ್ನೊಂದು ಹಿಡ್ಕೋತೈತಿ.”

ಇದು ತೆರೆದೇ ಸಿಕ್ಕಿಕೊಂಡಿತ್ತಂತೆ ಅಂಕಲ್ ಎಂದೆ. ಅವರು ಚರ್ಮದ ಮೇಲೆ ಹೆಬ್ಬೆರಳು ಆಡಿಸಿ ಸುತ್ತಲೂ ಒಂದೇ ಸಮ ಬಿದ್ದಿದ್ದ ತಗ್ಗನ್ನು ತೋರಿಸಿದರು. ನೀರಿಗೆ ಬಿದ್ದ ಚರ್ಮ ಯಾವ ರೂಪದಲ್ಲಿ ಒಣಗುತ್ತದೋ ಆ ರೂಪವನ್ನೇ ಹಿಡಿದುಕೊಳ್ಳುತ್ತದಂತೆ. ಇದು ಮುಚ್ಚಿಕೊಂಡಿದ್ದ ಮುಚ್ಚಳದ ಗುರುತಂತೆ. ಮೇಲೆತ್ತಿದ ನಂತರ ಯಾರಾದರೂ ಮುಚ್ಚಿರಬಹುದಲ್ಲ ಎಂದೆ.

“ಮುಚ್ಚಿರಬೌದು, ಇಲ್ಲ ಅನ್ನೂದಿಲ್ಲ. ಆದ್ರ ಮುಚ್ಚಾಕ ಬಂತಲ್ಲ ತಂಗಿ? ಸಿಕ್ಕೊಂಡಿದ್ರ ಏನರ ಬಾಗಿರಬೇಕು, ಮುರದಿರಬೇಕು. ಎಲ್ಲಿ ಬಾಗೈತಿ ತೋರಸ್ರಿ.”

ಎಲ್ಲೂ ಬಾಗಿರಲಿಲ್ಲ. ಸ್ಪ್ರಿಂಗುಗಳು ನೆಟ್ಟಗಿದ್ದವು. ಹಳೆಯ ಚರ್ಮ ತೆಗೆಯದೆ ಅದರ ಅಳತೆ ತೆಗೆದುಕೊಂಡು, ಎರಡು ವಾರದಲ್ಲಿ ಅವರು ಅಂಥದೇ ಮರದ ಬಳೆಗೆ ಕರುವಿನ ಚರ್ಮ ಹೊಲಿದು, ಕೊಬ್ಬು ಉಜ್ಜಿ ಕಳಿಸಿಕೊಟ್ಟರು. ಸ್ಪ್ರಿಂಗುಗಳನ್ನು ನಮ್ಮ ಲ್ಯಾಬಿಗೆ ಬಿಡಿಭಾಗ ಮಾಡಿಕೊಡುವವರು ಹಳೆಯದನ್ನು ನೋಡಿ ಮಾಡಿದರು. ಈ ಸಲ ನೀರು ಏರಿದ್ದು ಏರಿದಂತೆ ನಿಂತಿತು. ಹಗ್ಗ ನೂರು ಸಲ ಎಳೆದು ಬಿಟ್ಟೆ. ಚರ್ಮ ನೆನೆಸಿ ಎಳೆದೆ, ಪೆಟ್ಟಿಗೆ ಓರೆ ಮಾಡಿ ಎಳೆದೆ, ಮರಳು ಉದುರಿಸಿ ಎಳೆದೆ. ಮರಳು ಬಿದ್ದಾಗ ಸ್ವಲ್ಪ ಸೋರಿತು. ಆದರೆ ಪ್ರತಿ ಸಲವೂ ಮುಚ್ಚಿಕೊಂಡಿತು.

ಜುಲೈ ಮೊದಲ ವಾರ ಈ ಫಲಿತಾಂಶ ತೆಗೆದುಕೊಂಡು ಮ್ಯೂಸಿಯಮಿಗೆ ಹೋದೆ. ಅವರು ಪೂರ್ತಿ ಕೇಳಿಸಿಕೊಂಡು, ಒಳಗಿನಿಂದ ಹಳೆಯ ಪತ್ರಿಕೆಯ ತುಣುಕೊಂದನ್ನು ತಂದು ನನ್ನ ಮುಂದಿಟ್ಟರು. ವಿಚಾರಣೆಯ ವರದಿ. ವಾಲ್ವ್ ಸಿಕ್ಕಿಕೊಂಡಿತೆಂದು ಹೇಳಿದ್ದು ಊರವರಲ್ಲ, ಪೋಲೀಸರಲ್ಲ. ಪ್ರಮಾಣ ಮಾಡಿ ಹಾಗೆ ಹೇಳಿದವನು ಅವನೇ.

“ನಿಮ್ಮ ಪೆಟ್ಟಿಗೆ ನೂರು ಸಲ ಹೇಳಲಿ” ಎಂದರು ಅವರು, ನೋಯಿಸುವ ದನಿಯಿಲ್ಲದೆ. “ಬುಟ್ಟಿಯಲ್ಲಿ ಇದ್ದವನು ಅವನು. ತನ್ನ ವಾಲ್ವಿನ ಮೇಲೆ ತಾನೇ ಯಾಕೆ ಸುಳ್ಳು ಹೇಳುತ್ತಾನೆ?”

ತುಣುಕಿನ ನಕಲನ್ನು ತಂದು ಮರಿಮಗಳಿಗೆ ತೋರಿಸಿದೆ. ಅವರಿಗೂ ಈ ವಿಷಯ ಗೊತ್ತಿರಲಿಲ್ಲ. ಅವರು ಆ ತುಣುಕನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಇನ್ನು ನಿಮ್ಮ ಶನಿವಾರಗಳನ್ನು ನಿಮ್ಮ ಮಗಳಿಗೆ ಕೊಡಿ ಎಂದರು. ಅಲ್ಲಿಗೆ ಬಿಡಬಹುದಿತ್ತು. ಆದರೆ ವಾಲ್ವ್ ಮುಚ್ಚಿಕೊಳ್ಳುತ್ತಿತ್ತು ಎಂದಾದರೆ ಗ್ಯಾಸ್ ಬೇರೆಲ್ಲಿಂದಲೋ ಹೋಗಿರಬೇಕು. ಉಳಿದದ್ದು ಬಟ್ಟೆ ಒಂದೇ, ಮತ್ತು ಬಟ್ಟೆಯೇ ನನ್ನ ಕಸುಬು.

ತುಂಡು ಎರಡು ಮಾರಿನಷ್ಟಿತ್ತು. ಬೆಲ್ಲದ ಬಣ್ಣಕ್ಕೆ ತಿರುಗಿ ಗರಿಗರಿಯಾಗಿತ್ತು. ಒಂದು ಅಂಚು ಅಂಕುಡೊಂಕಾಗಿ ಹರಿದಿತ್ತು, ಕೆರೆಗೆ ಬಿದ್ದಾಗ ಹರಿದದ್ದೆಂದೇ ಎಲ್ಲರ ಎಣಿಕೆ. ಗೇಣುಗೇಣಿಗೆ ಒಂದೊಂದು ಕಪ್ಪು ಪಟ್ಟೆ. ಹರಿದ ಅಂಚಿನಲ್ಲಿ ಏಳು ಕಡೆ ಕಿರಿದಾದ ಖಾಲಿ ಜಾಗಗಳು. ಮ್ಯೂಸಿಯಮಿನ ಪಟ್ಟಿಯಲ್ಲಿ ಅದಕ್ಕೆ ‘ಇಲಿ ಕಡಿದದ್ದು’ ಎಂದು ಬರೆದಿತ್ತು. ನಾನೂ ಹಾಗೇ ಅಂದುಕೊಂಡೆ.

ಹಳೆಯ ಬಟ್ಟೆಯನ್ನು ಸುಮ್ಮನೆ ಎಳೆದು ನೋಡಿ ಪ್ರಯೋಜನವಿಲ್ಲ, ಚರ್ಮದ ಪಾಠವೇ ಇಲ್ಲೂ. ಅಂಥದೇ ಹೊಸ ಬಟ್ಟೆ ತಯಾರಿಸಬೇಕಿತ್ತು. ನಮ್ಮ ಗ್ಯಾರೇಜಿನಲ್ಲಿ ಹಗ್ಗ ಕಟ್ಟಿ ತೆಳು ಹತ್ತಿ ಬಟ್ಟೆ ಹರವಿ, ಹಾರ್ಡ್‌ವೇರ್ ಅಂಗಡಿಯಿಂದ ತಂದ ಅಗಸೆ ಎಣ್ಣೆಯನ್ನು ಮೂರು ಕೋಟು ಬಳಿದೆ. ಹೊರಗೆ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಸೆಕೆ. ಈ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಒರೆಸಿದ ಚಿಂದಿ ತಾನಾಗಿಯೇ ಹೊತ್ತಿಕೊಳ್ಳಬಹುದು ಎಂದು ಡಬ್ಬದ ಮೇಲೆ ಬರೆದಿತ್ತು. ಚಿಂದಿಗಳನ್ನು ನೀರಿನ ಬಕೆಟ್ಟಿನಲ್ಲಿ ಹಾಕಿಟ್ಟೆ. ಬಟ್ಟೆಗೂ ಅದೇ ಮಾತು ಅನ್ವಯಿಸುತ್ತದೆ ಎಂದು ಯೋಚಿಸಲಿಲ್ಲ. ಜವಳಿ ತಂತ್ರಜ್ಞಾನ ಓದಿದವಳು ನಾನು.

ಆ ವಾರಾಂತ್ಯ ಷಿಕಾಗೋ ಹತ್ತಿರದ ಲೆಮಾಂಟಿನ ದೇವಸ್ಥಾನಕ್ಕೆ ಹೋಗುವುದಿತ್ತು, ಎರಡು ದಿನದ ಪ್ರಯಾಣ. ಮುಟ್ಟಿದರೆ ಅಂಟದಷ್ಟು ಒಣಗಿದೆಯೆಂದು ಬಟ್ಟೆಯನ್ನು ಹಿಂದಿನ ದಿನವೇ ಮಡಿಸಿ, ರಟ್ಟಿನ ಪೆಟ್ಟಿಗೆಗೆ ತುಂಬಿ, ಧೂಳು ಬೀಳದಿರಲೆಂದು ಮೇಲೊಂದು ಕಂಬಳಿ ಮುಚ್ಚಿದ್ದೆ. ಬೆಳಿಗ್ಗೆ ಕಾರಿಗೆ ಸಾಮಾನು ತುಂಬುತ್ತಿದ್ದ ನನ್ನ ಗಂಡ ಒಳಗೆ ಬಂದು ಕೇಳಿದರು.

“ಗ್ಯಾರೇಜಲ್ಲಿ ಏನೋ ಸುಟ್ಟ ವಾಸ್ನೆ ಬರ್ತಿದೆ. ಏನಿಟ್ಟಿದೀಯ ಅಲ್ಲಿ?”

ಕಂಬಳಿ ತೆಗೆದು ಮಡಿಕೆಗಳ ನಡುವೆ ಕೈ ಹಾಕಿದೆ. ಕೈ ಇಡಲಾಗದಷ್ಟು ಬಿಸಿ. ಇಬ್ಬರೂ ಪೆಟ್ಟಿಗೆಯನ್ನು ಎಳೆದು ಮನೆ ಮುಂದಿನ ಡ್ರೈವ್‌ವೇಗೆ ತಂದು ಬಟ್ಟೆಯನ್ನು ಹರವಿದೆವು. ಹೊಗೆಯಾಡುತ್ತಿರಲಿಲ್ಲ, ಆದರೆ ಇನ್ನೆರಡು ತಾಸು ಬಿಟ್ಟಿದ್ದರೆ ನಾವು ಲೆಮಾಂಟಿನಿಂದ ಮರಳುವಾಗ ಮನೆ ಇರುತ್ತಿತ್ತೋ ಇಲ್ಲವೋ. ಮಗಳು ದೂರ ನಿಂತು, ಬಟ್ಟೆಗೆ ಗೆರೆ ಬಂದಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆಗ ನೋಡಿದೆ. ಮಡಿಕೆ ಬಿದ್ದಲ್ಲೆಲ್ಲ, ಸಮ ಅಂತರದಲ್ಲಿ, ಕಂದು ಪಟ್ಟೆಗಳು.

ನಾವು ಮೂರು ತಾಸು ತಡವಾಗಿ ಹೊರಟೆವು.  ಗಂಡ ಆಡಬೇಕಾದಷ್ಟನ್ನು ದಾರಿಯುದ್ದಕ್ಕೂ ನಾನೇ ಮನಸ್ಸಿನಲ್ಲಿ ಆಡಿಕೊಳ್ಳುತ್ತಿದ್ದೆ.

ಮುಂದಿನ ಶನಿವಾರ ಹೊಸ ಬಟ್ಟೆಯಿಂದ ಒಂದಿಂಚು ಅಗಲದ ಪಟ್ಟಿಗಳನ್ನು ಕತ್ತರಿಸಿ ಎಳೆಯುವ ಯಂತ್ರಕ್ಕೆ ಹಾಕಿದೆ. ಎರಡು ಹಲ್ಲುಗಳು ಪಟ್ಟಿಯ ತುದಿಗಳನ್ನು ಕಚ್ಚಿ ದೂರ ಸರಿಯುತ್ತವೆ, ಹರಿದಾಗಿನ ಬಲ ಪರದೆಯ ಮೇಲೆ ಬರುತ್ತದೆ. ಮಡಿಕೆಯ ಪಟ್ಟೆಯಿರುವ ತುಂಡುಗಳು, ಪಟ್ಟೆಯಿಲ್ಲದವು ಹರಿಯುವ ಬಲದ ಮೂರರಲ್ಲೊಂದು ಪಾಲಿಗೇ ಹರಿದವು. ಕಣ್ಣಿಗೆ ಎರಡೂ ಗಟ್ಟಿಯಾಗಿಯೇ ಕಾಣುತ್ತಿದ್ದವು. ಹಳೆಯ ತುಂಡಿನ ಕಪ್ಪು ಪಟ್ಟೆಗಳನ್ನೂ ಹೀಗೇ ನೋಡಬೇಕು, ಅದಕ್ಕೆ ಕತ್ತರಿ ಹಾಕಬೇಕು ಎಂದು ಮರಿಮಗಳನ್ನು ಕೇಳಿದೆ. ಕತ್ತರಿಸಿದ್ದು ಮತ್ತೆ ಕೂಡುವುದಿಲ್ಲ ಎಂದೂ ಹೇಳಿದೆ. ಅವರು ಒಪ್ಪಿದರು. ಅದೇ ವ್ಯತ್ಯಾಸ ಬಂತು.

ಕತ್ತರಿ ಹಾಕಿದ ಮೇಲೆ ಇನ್ನೊಂದು ಕಂಡಿತು. ನಾನು ಪಟ್ಟಿ ತೆಗೆದ ಜಾಗಗಳು ಪಕ್ಕದ ‘ಇಲಿ ಕಡಿದ’ ಜಾಗಗಳ ಹಾಗೇ ಕಾಣುತ್ತಿದ್ದವು. ಭೂತಗನ್ನಡಿ ಹಿಡಿದು ನೋಡಿದೆ. ಇಲಿಯ ಹಲ್ಲಲ್ಲ, ಕತ್ತರಿಯ ಅಂಚು. ಏಳು ಪಟ್ಟಿಗಳೂ ಹರಿದ ಅಂಚಿನಿಂದಲೇ ಶುರುವಾಗಿದ್ದವು. ಎಂದರೆ ಬಲೂನು ಹರಿದ ಮೇಲೆ, ಮಡಿಕೆಯ ಮೇಲೆ ಕೆಲವು, ಮಡಿಕೆಯ ನಡುವೆ ಕೆಲವು, ಯಾರೋ ಪಟ್ಟಿ ತೆಗೆದಿದ್ದರು.

ನೋಟುಬುಕ್ಕನ್ನು ಮೊದಲಿನಿಂದ ಓದಿದೆ. ಅವನೂ ಪ್ರತಿ ವಸಂತದಲ್ಲಿ ಬಟ್ಟೆ ಪರೀಕ್ಷಿಸುತ್ತಿದ್ದ. ಪಟ್ಟಿಯೊಂದಕ್ಕೆ ಡಬ್ಬ ತೂಗುಹಾಕಿ, ಹರಿಯುವವರೆಗೆ ಸೀಸದ ಗುಂಡು ಸುರಿದು, ತೂಕ ಬರೆದಿಡುತ್ತಿದ್ದ. ಆದರೆ ಪಟ್ಟಿ ತೆಗೆಯುತ್ತಿದ್ದದ್ದು ಬಲೂನಿನ ಕೆಳಗಿನ ಬಾಯಿಯ ಹತ್ತಿರ. ಆ ಭಾಗ ಯಾವಾಗಲೂ ಸಡಿಲವಾಗಿ ಹೊರಗೇ ಇರುತ್ತದೆ, ಮಡಿಕೆಯೊಳಗೆ ಬೇಯುವುದಿಲ್ಲ. ವರ್ಷವರ್ಷವೂ ಒಳ್ಳೆಯ ತೂಕ ಬರುತ್ತಿತ್ತು. ಅವನು ನಂಬಿದ.

ಕೊನೆಯ ಹಾರಾಟದ ನಂತರ ಒಂದೇ ಒಂದು ಪುಟವಿತ್ತು. ಜೀನಿನ ಲೆಕ್ಕವಿರಬೇಕೆಂದು ಮ್ಯೂಸಿಯಮಿನವರು ಅದನ್ನು ಬಿಟ್ಟಿದ್ದರು. ಏಳು ಸಾಲು, ಏಳು ತೂಕ. ನಾಲ್ಕರ ಮುಂದೆ ‘ಮಡಿಕೆ’, ಮೂರರ ಮುಂದೆ ‘ನಡುವೆ’. ಮಡಿಕೆಯವು ನಡುವಿನವುಗಳ ಮೂರನೇ ಒಂದು ಪಾಲು. ವಿವರಣೆ ಏನೂ ಇಲ್ಲ. ಬರಹ ಮಾತ್ರ ಬೇರೆ, ದುಂಡಗಿನ ಅಕ್ಷರ.

ಅಂದು ಸಂಜೆ ಮರಿಮಗಳ ಮನೆಗೆ ಹೋಗಿ ಪುಟವನ್ನು ತೋರಿಸಿದೆ. ಅವರು ಎದ್ದು ಅಡುಗೆಮನೆಯಿಂದ ಹಳೆಯ ಪುಸ್ತಕವೊಂದನ್ನು ತಂದರು. ಉಪ್ಪಿನಕಾಯಿ, ಜಾಮು ಹಾಕುವ ವಿಧಾನಗಳು. ಮುತ್ತಜ್ಜಿಯ ಕೈಬರಹ. ಏಳರ ಅಂಕಿಗೆ ನಡುವೆ ಅಡ್ಡಗೆರೆ, ತೆರೆದ ತಲೆಯ ನಾಲ್ಕು. ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆವು, ಅಕ್ಷರ, ಅಂಕಿ ಎಲ್ಲ ಒಂದೇ ಕೈಯವು.

ಬಲೂನು ಹೊಲಿದವಳು ಅವಳು. ಎಣ್ಣೆ ಬಳಿದವಳು ಅವಳು. ಹಾರಾಟ ಮುಗಿದ ಮೇಲೆ ಮಡಿಸಿ ಪೆಟ್ಟಿಗೆಗೆ ಇಡುತ್ತಿದ್ದವಳೂ ಅವಳೇ.

“ಬಟ್ಟೆ ಹರಿಯಿತು ಎಂದಿದ್ದರೆ, ಬಟ್ಟೆ ಯಾರು ಮಾಡಿದ್ದು ಎಂದು ಕೇಳುತ್ತಿದ್ದರು” ಎಂದರು ಮರಿಮಗಳು. “ವಾಲ್ವ್ ಎಂದರೆ ಅವನ ಹೆಸರಿಗೇ ನಿಲ್ಲುತ್ತದೆ.”

ಅದಕ್ಕೆ ನನ್ನ ಬಳಿ ಪುರಾವೆ ಇಲ್ಲ ಎಂದೆ. ಗೊತ್ತು ಎಂದರು. ಪುಸ್ತಕ ಮುಚ್ಚುತ್ತ ಹೇಳಿದರು: ಅವರ ಅಜ್ಜಿ, ಎಂದರೆ ಆ ದಂಪತಿಗಳ ಮಗಳು, ಬೆಳೆದ ಮನೆಯಲ್ಲಿ ಹಾಸಿಗೆಯ ಹೊದಿಕೆಗಳನ್ನು ಯಾರೂ ಮಡಿಸುತ್ತಿರಲಿಲ್ಲವಂತೆ. ಮುತ್ತಜ್ಜಿ ಗೋಡೆಯುದ್ದಕ್ಕೂ ಕೋಲುಗಳನ್ನು ಕಟ್ಟಿಸಿ ಎಲ್ಲವನ್ನೂ ನೇತುಹಾಕಿಸುತ್ತಿದ್ದಳಂತೆ. ವಿಚಿತ್ರ ಹೆಂಗಸು ಎಂದು ಮನೆಯವರೆಲ್ಲ ನಗುತ್ತಿದ್ದರಂತೆ.

ವರದಿ ಬರೆಯಲು ಎರಡು ವಾರ ಹಿಡಿಯಿತು. ವಾಲ್ವ್ ಸಿಕ್ಕಿಕೊಂಡಿರುವ ಸಂಭವ ಬಹಳ ಕಡಿಮೆ, ಇಲ್ಲವೇ ಇಲ್ಲ ಎನ್ನಲಾಗದು. ಎಣ್ಣೆ ಹಚ್ಚಿದ ಬಟ್ಟೆ ಮಡಿಕೆಯಲ್ಲಿ ತಾನಾಗಿ ಬಿಸಿಯಾಗಿ ಸತ್ವ ಕಳೆದುಕೊಂಡು ಹರಿದಿರುವ ಸಂಭವ ಹೆಚ್ಚು. ಹಾಗೆ ಮಡಿಸುವುದು ಯಾರಿಗೂ ತಪ್ಪಾಗಿ ಕಾಣದ ರೂಢಿ. ಓದಿ ಬಂದ ನಾನೂ ಅದನ್ನೇ ಮಾಡಿದೆ ಎಂದು ಗ್ಯಾರೇಜಿನ ಘಟನೆಯನ್ನೂ ಸೇರಿಸಿದೆ. ಅವನು ವಿಚಾರಣೆಯಲ್ಲಿ ಹಾಗೇಕೆ ಹೇಳಿದ ಎಂಬ ಬಗ್ಗೆ ಏನೂ ಬರೆಯಲಿಲ್ಲ.

ಒಂದು ಕಡೆ ಮಾತ್ರ ಕೈ ನಿಂತಿತು. ನಮ್ಮ ವರದಿಯ ನಮೂನೆಯಲ್ಲಿ ಹಿಂದಿನ ಪರೀಕ್ಷೆಗಳಿದ್ದರೆ ನಮೂದಿಸಬೇಕು, ಪರೀಕ್ಷಿಸಿದವರ ಹೆಸರಿನ ಸಮೇತ. ನನ್ನ ಎಲ್ಲ ಅಂಕಿಗಳಿಗಿಂತ ಗಟ್ಟಿಯಾದ ಸಾಕ್ಷಿ ಆ ಏಳು ಸಾಲುಗಳು. ಬಲೂನಿನ ಆ ಬಟ್ಟೆಯ ಮೇಲೆಯೇ, ಅದು ನೂರು ವರ್ಷ ಹಳತಾಗುವ ಮೊದಲೇ ಮಾಡಿದವು. ಅವನ್ನು ಬಿಟ್ಟರೆ ವರದಿ ಕುಂಟುತ್ತದೆ. ಸೇರಿಸಿದರೆ, ಒಬ್ಬ ಮನುಷ್ಯ ತನ್ನ ಹೆಸರನ್ನು ಕಳೆದುಕೊಂಡು ಮುಚ್ಚಿಟ್ಟ ವಿಷಯ ಬಯಲಾಗುತ್ತದೆ. ಹೆಸರಿಲ್ಲದೆ ‘ಕುಟುಂಬದ ಸದಸ್ಯರು’ ಎಂದು ಬರೆಯಬಹುದಿತ್ತು. ಹಾಗೆ ಬರೆದೂ ನೋಡಿದೆ. ನಮ್ಮ ಲ್ಯಾಬಿನಲ್ಲಿ ಯಾರಾದರೂ ಹಾಗೆ ಬರೆದು ತಂದರೆ ನಾನು ವಾಪಸು ಕಳಿಸುತ್ತೇನೆ. ಕೊನೆಗೆ ಆ ಜಾಗವನ್ನು ಖಾಲಿ ಬಿಟ್ಟು, ಇದು ನಾನು ನಿರ್ಧರಿಸುವ ವಿಷಯವಲ್ಲ ಎಂದು ಹೇಳಿ ಕರಡನ್ನು ಮರಿಮಗಳಿಗೆ ಕೊಟ್ಟೆ. ಬೇಡವೆಂದರೆ ಆ ಪುಟದ ವಿಷಯವನ್ನು ಪೂರ್ತಿ ತೆಗೆಯುತ್ತೇನೆ, ವರದಿ ದುರ್ಬಲವಾಗುತ್ತದೆ ಅಷ್ಟೇ; ಅರ್ಧ ಮಾತ್ರ ಹೇಳಲಾರೆ ಎಂದೆ.

ಅಚ್ಚಿನ ಗಡುವಿಗೆ ನಾಲ್ಕು ದಿನ ಇರುವಾಗ ಅವರು ಕರೆದರು. ಲೈಬ್ರರಿಯ ಹಿಂದಿನ ಬೆಂಚಿನ ಮೇಲೆ ಕೂತಿದ್ದರು. ಕರಡು ತೊಡೆಯ ಮೇಲಿತ್ತು.

“ಅವನು ಅವಳನ್ನು ಕಾಪಾಡಿದ ಎಂದು ಮೂರು ದಿನ ಹೆಮ್ಮೆಪಟ್ಟೆ” ಎಂದರು. “ಆಮೇಲೆ ಅನ್ನಿಸಿತು, ಅವಳು ಇದನ್ನು ಬರೆದಿಟ್ಟಳಲ್ಲ. ಸುಡಬಹುದಿತ್ತು. ಒಲೆ ಪಕ್ಕದಲ್ಲೇ ಇತ್ತು. ಯಾರಾದರೂ ಓದಲಿ ಎಂದು ತಾನೇ ಒಬ್ಬರು ಬರೆದಿಡುವುದು?”

ನಾನು ಪೆನ್ನು ತೆಗೆದೆ. ಪರೀಕ್ಷಿಸಿದವರು ಎಂಬುದರ ಮುಂದಿನ ಖಾಲಿ ಜಾಗಕ್ಕೆ ಅವರು ಮುತ್ತಜ್ಜಿಯ ಹೆಸರನ್ನು, ಮದುವೆಗೆ ಮೊದಲಿನ ಮನೆತನದ ಹೆಸರನ್ನೂ ಸೇರಿಸಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಬರೆದು ಮುಗಿಸಿದ ಮೇಲೆ ಹಾಳೆಯನ್ನು ತಮ್ಮತ್ತ ತಿರುಗಿಸಿಕೊಂಡು, ಕಾಗುಣಿತ ಸರಿಯಿದೆಯೇ ಎಂದು ಬೆರಳಿಟ್ಟು ನೋಡಿದರು.